ಬೇನೆಯ ಲೆಕ್ಕಕ್ಕೆ ಬಾರದ ಹಿರಿಯರು

ವ್ಯಾಪಾರಿಯಾದವನಿಗೆ ಲೆಕ್ಕದ ಪುಸ್ತಕದ ಮೇಲೆ ವಿಶ್ವಾಸ ಹೆಚ್ಚು. ಆದರೆ ನಾಲ್ಕು ದಶಕ ಕಿರ್ದಿ, ಖತಾವಣಿ ಬರೆದ ಮೇಲೆ ಒಂದು ಮಾತು ನನಗೆ ಮನವರಿಕೆಯಾಗಿದೆ: ಯಾವ ಕಾಲಮಿನಲ್ಲಿಯೂ ಬಾರದ ನಷ್ಟಗಳಿವೆ. ಮಹಾಮಾರಿಗಳ ಇತಿಹಾಸ ಬರೆದವರು ಸತ್ತವರನ್ನು ಎಣಿಸಿದ್ದಾರೆ. ಅದು ಅಗತ್ಯವಾದ ಕಾರ್ಯವೇ. ಆದರೆ ಬದುಕುಳಿದ ವೃದ್ಧರು ಯಾವ ಸ್ಥಿತಿಯಲ್ಲಿ ಉಳಿದರೆಂಬುದನ್ನು ವಿಚಾರಿಸಿದವರು ವಿರಳ. 1918ರ ಇನ್‌ಫ್ಲುಯೆಂಜಾ, 2020ರ ಕೊರೋನಾ, ಇವೆರಡನ್ನೂ ಈ ದೃಷ್ಟಿಯಿಂದ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಬಹುದಿನಗಳಿಂದ ಅನಿಸುತ್ತಿತ್ತು.

1918ರ ಜೂನ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಜ್ವರವು ಮೊದಲು ಸೌಮ್ಯವಾಗಿಯೇ ಇತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಮಾತ್ರ ಘೋರವಾಗಿತ್ತು. ರೈಲುದಾರಿ ಹಿಡಿದು ಅದು ಒಳನಾಡನ್ನು ಹೊಕ್ಕಿತು. ಮರಾಠಿ ಜನರು ಅದನ್ನು ‘ಮಾನಮೋಡಿ’ ಎಂದರು. ಕುತ್ತಿಗೆ ಮುರಿಯುವ ಬೇನೆ ಎಂದು ಅರ್ಥ. ಭಾರತದಲ್ಲಿ ಮಡಿದವರ ಸಂಖ್ಯೆಯನ್ನು ವಿದ್ವಾಂಸರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಅಂದಾಜಿಸಿದ್ದಾರೆ. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.2 ಕೋಟಿ ಇದ್ದುದು 1921ರ ಗಣತಿಯಲ್ಲಿ 25.1 ಕೋಟಿಗೆ ಇಳಿಯಿತು. ಇಪ್ಪತ್ತನೆಯ ಶತಮಾನದ ಗಣತಿಗಳಲ್ಲಿ ಜನಸಂಖ್ಯೆ ಇಳಿದ ದಶಕ ಇದೊಂದೇ.

ಸಾಮಾನ್ಯವಾಗಿ ಇಂಥ ಜ್ವರಗಳು ಹಸುಳೆಗಳನ್ನೂ ಮುದುಕರನ್ನೂ ಒಯ್ಯುತ್ತವೆ. ಈ ಜ್ವರವಾದರೋ 20ರಿಂದ 40 ವರ್ಷದವರನ್ನು ವಿಶೇಷವಾಗಿ ಆರಿಸಿಕೊಂಡಿತು. ವೃದ್ಧರಿಗೆ ಬಾಲ್ಯದಲ್ಲಿ ಅಂಥದೇ ಯಾವುದೋ ಜ್ವರ ತಗುಲಿ ಸ್ವಲ್ಪ ರಕ್ಷಣೆ ದೊರೆತಿದ್ದಿರಬೇಕೆಂದು ಕೆಲವು ತಜ್ಞರು ಊಹಿಸುತ್ತಾರೆ. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರು; ರೋಗಿಯ ಶುಶ್ರೂಷೆ ಅವರದು, ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವವರೂ ಅವರೇ. ಹೀಗೆ ಎಷ್ಟೋ ಮನೆಗಳಲ್ಲಿ ಅತ್ತೆ ಉಳಿದಳು, ಸೊಸೆ ಹೋದಳು. ತಂದೆ ಉಳಿದನು, ದುಡಿಯುವ ಮಗನು ಹೋದನು. ಅದೇ ವರ್ಷ ಮಳೆಯೂ ಕೈಕೊಟ್ಟು ಕಾಳಿನ ಬೆಲೆ ಏರಿತ್ತು. ಮುಂಗಾರಿ ಒಕ್ಕಣೆ, ಹಿಂಗಾರಿ ಬಿತ್ತನೆ ಎರಡಕ್ಕೂ ಆಳುಗಳು ಬೇಕಾದ ತಿಂಗಳುಗಳಲ್ಲಿಯೇ ಆಳುಗಳು ಹಾಸಿಗೆ ಹಿಡಿದಿದ್ದರು.

ಗಾಂಧೀಜಿಯವರ ಹಿರಿಯ ಮಗ ಹರಿಲಾಲರ ಪತ್ನಿ ಗುಲಾಬ್ ಅವರು ತೀರಿಕೊಂಡದ್ದು ಇದೇ ಬೇನೆಯಿಂದ. ಐವತ್ತರ ಅಂಚಿನಲ್ಲಿದ್ದ ಕಸ್ತೂರಬಾ ಅವರ ಮೇಲೆ ತಾಯಿಯಿಲ್ಲದ ಮೊಮ್ಮಕ್ಕಳ ಭಾರವೂ ಬಿದ್ದಿತು. ಪ್ರಸಿದ್ಧರ ಮನೆಯಾದುದರಿಂದ ಅದು ಚರಿತ್ರೆಗೆ ಸೇರಿತು. ಸೇರದ ಒಂದನ್ನು ನಾನು ಬಲ್ಲೆ. ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜ ಆಗ ಹದಿಮೂರರ ಹುಡುಗ. ಎರಡು ವಾರಗಳೊಳಗೆ ತಂದೆ ತಾಯಿ ಇಬ್ಬರೂ ಹೋದರು. ಉಳಿದವರು ಅಜ್ಜನ ಅಜ್ಜಿ ಒಬ್ಬರೇ. ಅಕ್ಷರ ಬಾರದ ಆ ತಾಯಿ ಕಿರಾಣಿ ಅಂಗಡಿಯ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು, ಉದ್ರಿಯ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದು ಇಟ್ಟರಂತೆ. ಅಜ್ಜನಿಗೆ ಇಪ್ಪತ್ತಾದಾಗ ಕೀಲಿಕೈ ಒಪ್ಪಿಸಿದ ದಿನ ಅವರು ಮಗನ ಹೆಸರು ಹಿಡಿದು ಅತ್ತರು. ಅದಕ್ಕೆ ಮೊದಲು ಅತ್ತುದನ್ನು ಯಾರೂ ಕಂಡಿರಲಿಲ್ಲ. ಇದನ್ನು ಆದರ್ಶವೆಂದು ಕೊಂಡಾಡಲು ನಾನು ಬರೆಯುತ್ತಿಲ್ಲ. ವಿಶ್ರಾಂತಿಯ ವಯಸ್ಸಿನಲ್ಲಿ ಏಳು ವರ್ಷ ಅಳುವುದಕ್ಕೂ ಬಿಡುವಿಲ್ಲದಂತಾದುದು ಕ್ರೂರವೇ ಸರಿ. ಆದರೆ ಆ ಮನೆಗೆ ಅವರು ಬೇಕಾಗಿದ್ದರು, ಮತ್ತು ಅದು ಅವರಿಗೆ ತಿಳಿದಿತ್ತು.

ನೂರೆರಡು ವರ್ಷಗಳ ತರುವಾಯ ಬಂದ ಬೇನೆಯು ವಯಸ್ಸಿನ ಲೆಕ್ಕವನ್ನು ತಿರುಗಾಮುರುಗಾ ಮಾಡಿತು. ದೇಶದಲ್ಲಿ ಕೊರೋನಾದ ಮೊದಲ ಸಾವು 2020ರ ಮಾರ್ಚ್ ತಿಂಗಳಿನಲ್ಲಿ ಸಂಭವಿಸಿತು. ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು. ಆ ವರ್ಷ ಸರ್ಕಾರದ ಅಂಕಿಗಳ ಪ್ರಕಾರ ಮೃತರಲ್ಲಿ ಸುಮಾರು ಅರ್ಧ ಮಂದಿ 60 ದಾಟಿದವರಾಗಿದ್ದರು. ಆದ್ದರಿಂದ 65 ಮೀರಿದವರು ಅಗತ್ಯ ಕೆಲಸಕ್ಕೆ, ಚಿಕಿತ್ಸೆಗೆ ಹೊರತು ಮನೆ ಬಿಡಬಾರದೆಂಬ ಸೂಚನೆ ಹೊರಟಿತು. ಅದು ತಪ್ಪೆಂದು ಹೇಳಲಾರೆ. 2021ರ ಮಾರ್ಚ್ 1ರಂದು 60 ದಾಟಿದವರಿಗೆ ಲಸಿಕೆ ಆರಂಭವಾಗುವ ತನಕ ಬೇರೆ ದಾರಿ ಕಡಿಮೆಯಿತ್ತು. ಜೂನ್ 8ರಿಂದ ಗುಡಿ, ಬಸದಿ, ಮಸೀದಿಗಳು ತೆರೆದಾಗಲೂ ಹಿರಿಯರು ಬಾರದಿರುವುದು ಒಳಿತೆಂದೇ ಹೇಳಲಾಯಿತು. ಬೆಳಗಿನ ದರ್ಶನ, ಸಂಜೆಯ ಕಟ್ಟೆಯ ಮಾತು, ಪಿಂಚಣಿಯ ಸಾಲು ಇಷ್ಟೇ ಹೊರಜಗತ್ತಾಗಿದ್ದವರಿಗೆ ಎಲ್ಲವೂ ಒಂದೇ ದಿನ ನಿಂತುಹೋದವು.

ಇಲ್ಲೊಂದು ವ್ಯಾವಹಾರಿಕ ಮಾತು. ಹಿರಿಯರು ಪ್ರಯಾಣ ಮಾಡದಿರಲೆಂದು 2020ರ ಮಾರ್ಚ್ 20ರಿಂದ ರೈಲು ಟಿಕೆಟಿನ ರಿಯಾಯಿತಿಯನ್ನು ತಡೆಹಿಡಿಯಲಾಯಿತು. 60 ದಾಟಿದ ಪುರುಷರಿಗೆ ಶೇ. 40, 58 ದಾಟಿದ ಮಹಿಳೆಯರಿಗೆ ಶೇ. 50 ಇದ್ದ ಸೌಲಭ್ಯವದು. ರೈಲುಗಳು ಮೊದಲಿನಂತೆ ಓಡತೊಡಗಿದ ಮೇಲೂ ಅದು ಮರಳಲಿಲ್ಲ. ರಕ್ಷಣೆಗಾಗಿ ಹಾಕಿದ ಬೇಲಿ ಎಷ್ಟು ಸುಲಭವಾಗಿ ಉಳಿತಾಯದ ಬಾಬ್ತಾಗುತ್ತದೆ!

ಸರ್ಕಾರವನ್ನು ಆಕ್ಷೇಪಿಸುವ ಮೊದಲು ನನ್ನ ಮನೆಯ ಸಂಗತಿಯನ್ನೂ ಹೇಳಬೇಕು. ನಮ್ಮ ತಾಯಿಯವರಿಗೆ ಆಗ 84 ವರ್ಷ. ಬೆಳಿಗ್ಗೆ ಕಾಯಿಪಲ್ಲೆ ಸೋಸುವುದು, ಮೊಮ್ಮಗಳ ಜಡೆ ಹೆಣೆಯುವುದು, ಮಧ್ಯಾಹ್ನ ಅಂಗಡಿಗೆ ಬಂದು ಗಲ್ಲಾ ಪೆಟ್ಟಿಗೆಯ ಬದಿಯಲ್ಲಿ ಅರ್ಧ ತಾಸು ಕೂಡುವುದು ಅವರ ದಿನಚರಿ. ನಾನೂ ಮಕ್ಕಳೂ ಅಂಗಡಿಯಿಂದ ಬೇನೆ ತಂದೇವೆಂಬ ಭಯದಿಂದ ಅವರನ್ನು ಮಾಳಿಗೆಯ ಕೋಣೆಯಲ್ಲಿ ಇರಿಸಿದೆವು. ತಾಟು ಬಾಗಿಲ ಹೊರಗಿಟ್ಟು ಬರುತ್ತಿದ್ದೆವು. ಹೀಗೆ ಮಾಡೋಣವೇ ಎಂದು ಅವರನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೂರನೆಯ ವಾರ ಅವರು ಬಾಗಿಲ ಆಚೆಯಿಂದ ಕೇಳಿದರು: “ನಾ ಏನ್ ತಪ್ಪು ಮಾಡೀನೋ ತಮ್ಮಾ?” ಕಾಯಿಪಲ್ಲೆಯನ್ನಾದರೂ ತೊಳೆದು ಮೇಲೆ ಕಳಿಸಬಹುದಿತ್ತೆಂದು ಈಗ ತೋರುತ್ತದೆ.

ಅವರಿಗೆ ಜ್ವರ ಬರಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಲಾಭವೇ. ಎರಡನೆಯ ಲಸಿಕೆಯಾದ ಮೇಲೆ, 2021ರ ಶ್ರಾವಣದಲ್ಲಿ, ಅವರನ್ನು ಕೆಳಗೆ ಕರೆತಂದೆವು. ಹಿಂದಿನ ವರ್ಷದ ಮಾರ್ಚ್ ತಿಂಗಳಿನಲ್ಲಿ ಒಬ್ಬರೇ ಹತ್ತಿಹೋಗಿದ್ದ ಹದಿನಾಲ್ಕು ಮೆಟ್ಟಿಲುಗಳನ್ನು ಇಳಿಯಲು ಅವರಿಗೆ ಇಬ್ಬರ ಆಸರೆ ಬೇಕಾಯಿತು. ಮೊಮ್ಮಗಳು ಜಡೆ ಹಾಕಿಸಿಕೊಳ್ಳಲು ಮುಂದೆ ಬಂದು ಕುಳಿತಳು. ತಾಯಿಯವರು ಕೂದಲನ್ನು ಮೂರು ಕಾಲಾಗಿ ಬೇರ್ಪಡಿಸಿ ಹಿಡಿದರು. ಮುಂದೆ ಯಾವ ಕಾಲನ್ನು ಯಾವುದರ ಮೇಲೆ ತರಬೇಕೆಂಬುದು ಅವರಿಗೆ ನೆನಪಾಗಲಿಲ್ಲ.