ಆಪ್ತಸಮಾಲೋಚನೆ ಬೆಳೆದು ಬಂದ ಬಗೆ

ನಮ್ಮಲ್ಲಿ ‘ಕೌನ್ಸೆಲಿಂಗ್’ ಎಂಬ ಮಾತು ಮನೆಮಾತಾದದ್ದು ಸಿ.ಇ.ಟಿ. ಸೀಟು ಹಂಚಿಕೆಯಿಂದ. ಆಮೇಲೆ ಶಿಕ್ಷಕರ ವರ್ಗಾವಣೆಗೂ ಅದೇ ಹೆಸರು ಬಂದಿತು. ಖಾಲಿ ಹುದ್ದೆಗಳ ಪಟ್ಟಿಯ ಮುಂದೆ ಕುಳಿತು ಊರನ್ನು ಆರಿಸಿಕೊಳ್ಳುವುದೇ ಕೌನ್ಸೆಲಿಂಗ್ ಎಂದು ತಿಳಿದವರು ನಮ್ಮ ಶಿಕ್ಷಕವೃಂದದಲ್ಲಿ ಇಂದಿಗೂ ಇದ್ದಾರೆ! ಮನಸ್ಸಿಗೆ ಸಂಬಂಧಪಟ್ಟ ಕೌನ್ಸೆಲಿಂಗಿಗೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಸೊಗಸಾದ ಪದವಿದೆ: ಆಪ್ತರಾಗಿ ಕುಳಿತು ಕೂಡಿ ಆಲೋಚಿಸುವುದು. ಆದರೆ ಈಗ ತಂದೆತಾಯಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವ ರೀತಿಯೇ ಬೇರೆ. “ಮಗಳು ಯಾರ ಹತ್ತಿರವೂ ಮಾತಾಡುತ್ತಿಲ್ಲ ಸಾರ್, ಊಟ ಬಿಟ್ಟಿದ್ದಾಳೆ. ಸ್ವಲ್ಪ ಬುದ್ಧಿ ಹೇಳುವ ಒಳ್ಳೆಯ ಕೌನ್ಸೆಲರ್ ಇದ್ದರೆ ತಿಳಿಸಿ.” ಆ ‘ಬುದ್ಧಿ ಹೇಳುವ’ ಎಂಬ ಮಾತಿಗಾಗಿಯೇ ಈ ವೃತ್ತಿಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬರೆಯುತ್ತಿದ್ದೇನೆ.

ಇದು ಆರಂಭವಾದದ್ದು ಉದ್ಯೋಗದ ಪ್ರಶ್ನೆಯಿಂದ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು, ಯಾವ ಕೆಲಸ ಹಿಡಿಯಬೇಕೆಂದು ತೋಚದ ಬಡ ತರುಣರಿಗಾಗಿ ಒಂದು ಕಚೇರಿ ತೆರೆದರು. ಮೊದಲು ನಿನ್ನನ್ನು ತಿಳಿ, ಬಳಿಕ ಕೆಲಸಗಳನ್ನು ತಿಳಿ, ಆಮೇಲೆ ಎರಡನ್ನೂ ಹೊಂದಿಸಿ ನೋಡು. ಇದು ಅವರ ಕ್ರಮ. ಆರಿಸಿಕೊಳ್ಳಬೇಕಾದವನು ತರುಣನೇ. ಅದೇ ವರ್ಷ ಪಾರ್ಸನ್ಸ್ ತೀರಿಕೊಂಡರು. ಅವರ ಪುಸ್ತಕ ಹೊರಬಂದದ್ದು 1909ರಲ್ಲಿ.

ಉದ್ಯೋಗದಿಂದ ಮನಸ್ಸಿನ ನೋವಿನ ಕಡೆಗೆ ಈ ವಿದ್ಯೆಯನ್ನು ತಿರುಗಿಸಿದವರಲ್ಲಿ ಮುಖ್ಯರು ಕಾರ್ಲ್ ರೋಜರ್ಸ್. ಅವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರು. 1942ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ಒಬ್ಬ ವ್ಯಕ್ತಿಯೊಡನೆ ನಡೆದ ಭೇಟಿಗಳ ಮಾತನ್ನೆಲ್ಲ ಧ್ವನಿಮುದ್ರಣದಿಂದ ಬರೆದುಕೊಂಡು ಅಚ್ಚು ಹಾಕಿಸಲಾಗಿತ್ತು. ಅಲ್ಲಿಯವರೆಗೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತಿದ್ದುದನ್ನು ಯಾರು ಬೇಕಾದರೂ ಪರೀಕ್ಷಿಸುವಂತಾಯಿತು. ಇಂತಹ ಧ್ವನಿಮುದ್ರಣಗಳಿಂದ ತಿಳಿದುಬಂದ ಒಂದು ಸಂಗತಿಯೆಂದರೆ, ಸಲಹೆ ಕೊಡುವ ಸ್ವಭಾವದ ಸಮಾಲೋಚಕರು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಮಾತಾಡುತ್ತಿದ್ದರು. (ನಮ್ಮ ಮೇಷ್ಟ್ರುಗಳ ಲೆಕ್ಕ ತೆಗೆಯುವುದು ಬೇಡ.) ಎದುರಿಗಿರುವವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ಷರತ್ತಿಲ್ಲದೆ ಗೌರವಿಸುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು, ಈ ಮೂರನ್ನು ರೋಜರ್ಸ್ ಮುಖ್ಯವೆಂದರು. ಬಂದವರನ್ನು ‘ರೋಗಿ’ ಎಂದು ಕರೆಯುವುದನ್ನೂ ಬಿಟ್ಟರು.

ನನಗೆ ಇದಕ್ಕಿಂತ ಹೆಚ್ಚು ಮನಮುಟ್ಟುವುದು ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರ ಕಥೆ. 1935ರಲ್ಲಿ, ವೃತ್ತಿಯ ಆರಂಭದಲ್ಲೇ, ಅವರು ಒಬ್ಬ ಎಳೆಯ ಹುಡುಗಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಮೊದಲ ಮುಟ್ಟನ್ನು ಯಾವುದೋ ಕೆಟ್ಟ ಕಾಯಿಲೆಯೆಂದು ಹೆದರಿ, ಕೇಳಲು ಯಾರೂ ಇಲ್ಲದೆ, ಅವಳು ಪ್ರಾಣ ಕಳೆದುಕೊಂಡಿದ್ದಳು. ಅದು ಅವರ ಮನಸ್ಸಿನಿಂದ ಹೋಗಲಿಲ್ಲ. 1953ರ ನವೆಂಬರಿನಲ್ಲಿ ಅವರು ತಮ್ಮ ಚರ್ಚಿನಲ್ಲೇ ಒಂದು ದೂರವಾಣಿಯಿಟ್ಟು, ಬದುಕು ಸಾಕೆನಿಸಿದವರು ಕರೆ ಮಾಡಬಹುದೆಂದು ಸಾರಿದರು. ಜನರು ನೇರವಾಗಿಯೂ ಬರತೊಡಗಿದರು. ಸರದಿಗಾಗಿ ಕಾದು ಕುಳಿತವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನಗಳಲ್ಲೇ ವಾರಾ ಗಮನಿಸಿದರು: ಬಂದವರಲ್ಲಿ ಅನೇಕರು ತಮ್ಮನ್ನು ಕಾಣದೆಯೇ ಹಗುರಾಗಿ ಹಿಂತಿರುಗುತ್ತಿದ್ದಾರೆ! 1954ರಲ್ಲಿ ಅವರು ಆ ಕೆಲಸವನ್ನು ಸ್ವಯಂಸೇವಕರಿಗೇ ವಹಿಸಿದರು. ‘ಸಮ್ಯಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ.

ನಮ್ಮ ದೇಶದ ಮಾತು. ಗೀತೆಯೇ ಜಗತ್ತಿನ ಮೊದಲ ಕೌನ್ಸೆಲಿಂಗ್ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಪೂರ್ತಿ ಒಪ್ಪಲಾರೆ, ಉಪದೇಶ ಉಪದೇಶವೇ. ಆದರೆ ಮೊದಲ ಅಧ್ಯಾಯದಲ್ಲಿ ಅರ್ಜುನ ತನ್ನ ಸಂಕಟವನ್ನೆಲ್ಲ ಹೇಳಿಕೊಳ್ಳುವವರೆಗೆ ಕೃಷ್ಣ ಹೆಚ್ಚುಕಡಿಮೆ ಮೌನಿ ಎಂಬುದನ್ನು ಭಾಷಣಕಾರರು ಮರೆಯುತ್ತಾರೆ. ನಮ್ಮವರು ಸಮಾಲೋಚಕರಲ್ಲಿ ಗುರುವನ್ನು ಹುಡುಕುತ್ತಾರೆಂಬುದನ್ನು ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಗುರುತಿಸಿ, ಗುರುಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿಸಬಹುದೇ ಎಂದು ಚರ್ಚಿಸಿದ್ದರು. ಪಶ್ಚಿಮದ ಕ್ರಮವನ್ನು ಇದ್ದ ಹಾಗೆ ತಂದು ನೆಡಲಾಗದು ಎಂಬ ಅವರ ಎಚ್ಚರ ಸರಿಯಾದುದೇ. ಶಾಲೆಗಳ ಮಟ್ಟಿಗೆ, 1964–66ರ ಕೊಠಾರಿ ಆಯೋಗವು ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಮಾಲೋಚಕರಾದರೂ ಇರಲಿ ಎಂದಿತ್ತು. ಬಿ.ಎಡ್. ಪರೀಕ್ಷೆಗೆ ಅದನ್ನು ನಾವೆಲ್ಲ ಓದಿದೆವು. ಆ ಸಂಚಾರಿ ಮಾತ್ರ ನಮ್ಮ ಶಾಲೆಗಳ ಕಡೆ ಸಂಚರಿಸಲಿಲ್ಲ.

ಇನ್ನು ಯಾರ ಬಳಿ ಹೋಗಬೇಕೆಂಬ ವಿಚಾರ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಿದವರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಆಪ್ತಸಮಾಲೋಚಕರಲ್ಲಿ ಮನಶ್ಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಸ್ನಾತಕೋತ್ತರ ಪದವಿ ಪಡೆದವರಿಂದ ಹಿಡಿದು ವಾರಾಂತ್ಯದ ಸರ್ಟಿಫಿಕೇಟಿನವರ ತನಕ ಎಲ್ಲರೂ ಇದ್ದಾರೆ. 2021ರ ಕಾಯ್ದೆಯೊಂದು ಅವರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆದರೂ ಎಲ್ಲಿ ಕಲಿತಿರಿ, ಯಾರ ಮೇಲ್ವಿಚಾರಣೆಯಲ್ಲಿ ಪಳಗಿದಿರಿ, ಶುಲ್ಕವೆಷ್ಟು ಎಂದು ಮೊದಲೇ ಕೇಳಿರಿ. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಷ್ಟಿರುತ್ತದೆ. ಹಲವು ವಾರ ಹೋಗಬೇಕಾಗಬಹುದು. ಮಗಳು ಹೇಳಿದ್ದನ್ನು, ಪ್ರಾಣಾಪಾಯದ ಸಂದರ್ಭದ ಹೊರತು, ಒಳ್ಳೆಯ ಸಮಾಲೋಚಕರು ಅಪ್ಪನಿಗೂ ಒಪ್ಪಿಸುವುದಿಲ್ಲ. ಇದಕ್ಕೆ ಕೋಪಿಸಿಕೊಳ್ಳಬಾರದು. ಮೊದಲ ದಿನವೇ ಅರ್ಧ ಗಂಟೆ ಉಪದೇಶ ಮಾಡಿದರೆ, ಜಾತಕ ಕೇಳಿದರೆ, ಇಂತಿಷ್ಟು ದಿನದಲ್ಲಿ ಸರಿಮಾಡುವೆನೆಂದು ಭರವಸೆ ಕೊಟ್ಟರೆ ಬೇರೆಯವರನ್ನು ನೋಡಿರಿ. ಮಗಳಿಗೆ ಒಬ್ಬರು ಹಿಡಿಸದಿದ್ದರೂ ಹಾಗೆಯೇ. ಅದು ಅವಳ ಹಟವಲ್ಲ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೂರದವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿರಿ. ಜಿಲ್ಲಾ ಮಟ್ಟದ ಈ ವ್ಯವಸ್ಥೆಯ ಪ್ರಯೋಗ ಮೊದಲು ನಡೆದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿಯೇ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯೂ ಇದೆ. ಸಂಖ್ಯೆ 14416; ಶುಲ್ಕವಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಊಟ ಬಿಟ್ಟ ಮಗುವನ್ನಾದರೆ ಮೊದಲು ವೈದ್ಯರಿಗೆ ತೋರಿಸಿ, ನಾಳೆಯೇ.