ಬೆಳೆ ವಿಮೆಯ ಕಂತು ಯಾರ ಪಾಲು?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ಎದ್ದಿರುವುದು ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕದಿರೇನಹಳ್ಳಿಗಳ ಹೊಲಗದ್ದೆಗಳ ಮೇಲೆ. ಕೆರೆಯ ಕೆಳಗೆ ಒಂದಿಷ್ಟು ಭತ್ತ, ಉಳಿದ ಖುಷ್ಕಿಯಲ್ಲಿ ರಾಗಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದಾದರೂ ದಕ್ಕಲಿ ಎಂಬುದು ಹಿರಿಯರ ಲೆಕ್ಕ. ಮಳೆಯೇ ಬಾರದ ವರ್ಷ ಆ ಲೆಕ್ಕವೂ ಕೈಹಿಡಿಯುತ್ತಿರಲಿಲ್ಲ. 1876–78ರ ಬರ ಕಳೆದ ಮೇಲೆ 1881ರಲ್ಲಿ ಜನಗಣತಿ ನಡೆದಾಗ ಮೈಸೂರು ಸಂಸ್ಥಾನದ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಎಂಟು ಲಕ್ಷಕ್ಕೂ ಮಿಕ್ಕಿ ಕುಗ್ಗಿತ್ತು.

ರೈತನ ಈ ಸಂಕಟಕ್ಕೆ ವಿಮೆಯಲ್ಲಿ ಪರಿಹಾರ ಹುಡುಕಿದವರು ಮೈಸೂರು ಸರ್ಕಾರದ ಹಣಕಾಸು ಅಧಿಕಾರಿ ಜೆ.ಎಸ್. ಚಕ್ರವರ್ತಿ. ಕೃಷಿ ವಿಮೆಯ ಕುರಿತ ಅವರ ಇಂಗ್ಲಿಷ್ ಪುಸ್ತಕ 1920ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಒಬ್ಬೊಬ್ಬರ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗಹೋಗದ ಕೆಲಸ, ಖರ್ಚೂ ಹೆಚ್ಚು, ತಕರಾರೂ ಹೆಚ್ಚು. ಅದರ ಬದಲು ಆ ಸೀಮೆಯ ಮಳೆಮಾಪಕದ ಅಂಕಿಯನ್ನೇ ನೆಚ್ಚಿಕೊಳ್ಳೋಣ, ಮಳೆ ಕೊರತೆಯಾದರೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ ಕೊಡೋಣ ಎಂಬುದು ಅವರ ಯೋಜನೆ. ಅದು ಜಾರಿಗೆ ಬರಲಿಲ್ಲ.

ಅತ್ತ ಅಮೆರಿಕ 1938ರಲ್ಲೇ ಬೆಳೆ ವಿಮೆಗೆ ಕಾಯ್ದೆ ಮಾಡಿತು. 1980ರ ಇನ್ನೊಂದು ಕಾಯ್ದೆ ಕಂತಿನಲ್ಲೇ ಸರ್ಕಾರದ ಪಾಲನ್ನು ಬರೆದಿಟ್ಟಿತು.

ಭಾರತದ ದಾರಿ ಹೆಚ್ಚು ಅಂಕುಡೊಂಕು. 1948ರ ಆಗಸ್ಟಿನಲ್ಲಿ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಇಟ್ಟ ಹೊತ್ತಿಗೆ ಕೇಂದ್ರ ಸರ್ಕಾರ ಬೆಳೆ ವಿಮೆಯ ವಿಶೇಷ ಅಧ್ಯಯನಕ್ಕೆ ಕೈಹಾಕಿತ್ತು. 1965ರಲ್ಲಿ ಬೆಳೆ ವಿಮಾ ಮಸೂದೆಯ ಕರಡೇ ಸಿದ್ಧವಾಗಿ ರಾಜ್ಯಗಳಿಗೆ ಹೋಯಿತು. ಹಣದ ಹೊರೆಗೆ ಹೆದರಿದ ರಾಜ್ಯಗಳು ಒಪ್ಪಲಿಲ್ಲ. ಸಂವಿಧಾನದಲ್ಲಿ ವಿಮೆ ಕೇಂದ್ರದ ಪಟ್ಟಿಯಲ್ಲಿ, ಕೃಷಿ ರಾಜ್ಯದ ಪಟ್ಟಿಯಲ್ಲಿ. ಎರಡರ ನಡುವೆ ಮಸೂದೆ ಅಲ್ಲೇ ನಿಂತಿತು.

ಕಾಯ್ದೆ ಬಿಟ್ಟು ಯೋಜನೆಗಳ ಕಾಲ ಶುರುವಾಯಿತು. ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಸೂಚಿಸಿದಂತೆ ಪ್ರದೇಶವನ್ನೇ ಘಟಕವಾಗಿಟ್ಟುಕೊಂಡು 1979ರಲ್ಲಿ ಪ್ರಾಯೋಗಿಕ ವಿಮೆ ಬಂತು. ಸಣ್ಣ, ಅತಿ ಸಣ್ಣ ರೈತರ ಕಂತಿನ ಅರ್ಧವನ್ನು ಸರ್ಕಾರಗಳು ಕಟ್ಟಿದವು. 1985ರ ಸಮಗ್ರ ಯೋಜನೆಯಲ್ಲಿ ಏಕದಳ ಮತ್ತು ಸಿರಿಧಾನ್ಯಕ್ಕೆ ವಿಮಾ ಮೊತ್ತದ ಶೇ 2, ಬೇಳೆಕಾಳು ಮತ್ತು ಎಣ್ಣೆಕಾಳಿಗೆ ಶೇ 1 ಕಂತು ನಿಗದಿಯಾಯಿತು. ಚಕ್ರವರ್ತಿಯವರ ಮಳೆಯ ಅಂಕಿಗೆ ದೇಶದ ಯೋಜನೆಯಲ್ಲಿ ಜಾಗ ಸಿಕ್ಕಿದ್ದು 2007ರ ಮುಂಗಾರಿನಲ್ಲಿ. ಹವಾಮಾನ ಆಧಾರಿತ ಬೆಳೆ ವಿಮೆ ಮೊದಲು ಜಾರಿಯಾದದ್ದು ಅವರ ಕರ್ಮಭೂಮಿಯಾದ ಕರ್ನಾಟಕದಲ್ಲೇ.

2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ರೈತನ ಪಾಲಿಗೆ ಮಿತಿ ಹಾಕಿತು: ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ರಾಗಿಗೆ ಹೆಕ್ಟೇರಿಗೆ 40,000 ರೂಪಾಯಿ ವಿಮಾ ಮೊತ್ತ, ಕಂಪನಿಯ ದರ ಶೇ 12 ಎಂದಿಟ್ಟುಕೊಳ್ಳಿ. ಒಟ್ಟು ಕಂತು 4,800. ರೈತ ಕಟ್ಟುವುದು 800. ಉಳಿದ 4,000ವನ್ನು ಕೇಂದ್ರವೂ ರಾಜ್ಯವೂ ಸಮನಾಗಿ ಹಂಚಿಕೊಳ್ಳಬೇಕು.

ನಷ್ಟದ ಲೆಕ್ಕ ನಡೆಯುವುದು ಹೊಲದಲ್ಲಿ. ಬೆಳೆ ಕಟಾವು ಪ್ರಯೋಗಕ್ಕೆ ಆಯ್ಕೆಯಾದ ಸರ್ವೆ ನಂಬರಿನಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಗುರುತಿಸುತ್ತಾರೆ. ಅದರೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಗ್ರಾಮ ಪಂಚಾಯಿತಿಯೊಂದರ ಇಂಥ ಕೆಲವೇ ಚೌಕಗಳ ತೂಕದ ಮೇಲೆ ಇಡೀ ಪಂಚಾಯಿತಿಯ ರಾಗಿ ಬೆಳೆಗಾರರ ಪರಿಹಾರ ನಿರ್ಧಾರವಾಗುತ್ತದೆ.

ತೂಕ ಬರೆದುಕೊಂಡ ಮಾತ್ರಕ್ಕೆ ಹಣ ಬರುವುದಿಲ್ಲ. ಸರ್ಕಾರದ ಪಾಲು ಕಂಪನಿಗೆ ತಲುಪುವುದು ತಡವಾದರೆ ರೈತನ ಖಾತೆಗೆ ಪರಿಹಾರವೂ ತಡ. ಸಾಲ ಮಾಡಿ ಬಿತ್ತಿದವನಿಗೆ ಮುಂದಿನ ಹದಮಳೆಯ ಹೊತ್ತಿಗೆ ಬಾರದ ದುಡ್ಡು ಬಿತ್ತನೆಗೆ ಒದಗುವುದಿಲ್ಲ. 2020ರಲ್ಲಿ ಯೋಜನೆ ಎಲ್ಲ ರೈತರಿಗೂ ಐಚ್ಛಿಕವಾಯಿತು. ಅದೇ ವರ್ಷ ಗುಜರಾತ್ ದುಬಾರಿ ಕಂತಿನ ಕಾರಣ ಕೊಟ್ಟು ಹೊರನಡೆಯಿತು. ಯೋಜನೆ ನಿಂತಿರುವುದು ಮಾರ್ಗಸೂಚಿಗಳ ಮೇಲೆ; ಬೆಳೆ ವಿಮೆಗೆಂದೇ ಸಂಸತ್ತಿನ ಕಾಯ್ದೆ ಇಲ್ಲ. ಹೀಗಾಗಿ ರಾಜ್ಯವೊಂದು ಹೊರನಡೆದರೆ ಅಲ್ಲಿನ ರೈತನಿಗೆ ಶೇ 2ರ ಆಸರೆಯೂ ತಪ್ಪುತ್ತದೆ.

ಬೆಂಗಳೂರು ದಕ್ಷಿಣ ತಾಲ್ಲೂಕಿನ ಅಂಚಿನಲ್ಲಿ ಇನ್ನೂ ರಾಗಿ ಬೆಳೆಯುವವರಿದ್ದಾರೆ. ಅವರಿಗೂ ರಾಜ್ಯದ ಉಳಿದ ಖುಷ್ಕಿ ರೈತರಿಗೂ ಬೇಕಾದದ್ದು 1965ರಲ್ಲಿ ಅರ್ಧಕ್ಕೆ ನಿಂತ ಕೆಲಸ ಮುಗಿಯುವುದು: ರೈತನ ಕಂತಿನ ಮಿತಿ, ಎರಡೂ ಸರ್ಕಾರಗಳ ಪಾಲು, ಪಾಲು ಕಟ್ಟುವ ಕೊನೆಯ ದಿನ, ತಡವಾದರೆ ರೈತನಿಗೆ ಬಡ್ಡಿ. ಈ ನಾಲ್ಕೂ ಕಾಯ್ದೆಯ ಕಲಮುಗಳಾಗಬೇಕು.