ಸ್ನಾಯುಗಳ ಕಣಜ

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುವುದು; ವೆಚ್ಚವಾಗದೆ ಉಳಿದುದನ್ನು ದೇಹವು ಎಲ್ಲಿ ಕೂಡಿಡುತ್ತದೆ? 1857ರಲ್ಲಿ ಫ್ರಾನ್ಸಿನ ಕ್ಲೋದ್ ಬೆರ್ನಾರರು ಯಕೃತ್ತಿನಿಂದ ಗ್ಲೈಕೋಜನ್ ಎಂಬ ಪಿಷ್ಟದಂತಹ ವಸ್ತುವನ್ನು ಬೇರ್ಪಡಿಸಿದರು. ಸಕ್ಕರೆಯ ಸಂಗ್ರಹರೂಪವೇ ಇದು. ಇದರ ದೊಡ್ಡ ಕಣಜವಾದರೋ ನಮ್ಮ ಸ್ನಾಯುಗಳು.

ಕಣಜದ ಬಾಗಿಲು ತೆರೆಯದಿದ್ದರೆ, ರಕ್ತದಲ್ಲಿ ಸಕ್ಕರೆ ತುಂಬಿ ತುಳುಕಿದರೂ ಜೀವಕಣಗಳಿಗೆ ಉಪವಾಸವೇ. ಮಧುಮೇಹದ ಸಂಕಟ ಇದು. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ, ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚಿದರು. ಮೊದಲ ಸಾರವು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ಪರು ಶುದ್ಧಿಗೊಳಿಸಿಕೊಟ್ಟುದು ಅವನನ್ನು ಬದುಕಿಸಿತು.

ಆದರೆ ಈ ಸಂಜೀವಿನಿ ಮಾಡುವ ಕೆಲಸವೇನು? ಅದು ಸಕ್ಕರೆಯನ್ನು ಉರಿಸುವುದೆಂದು ಹಲವರು ಬಗೆದಿದ್ದರು. 1949ರಲ್ಲಿ ಶಿಕಾಗೋ ನಗರದ ಲೆವೀನರು, ಸ್ನಾಯುಗಳು ಉರಿಸಲಾರದ ಸಕ್ಕರೆಯೊಂದನ್ನು ನಾಯಿಗಳಿಗಿತ್ತು ನೋಡಿದರು: ಇನ್ಸುಲಿನ್ ಬಂದೊಡನೆ ಅದೂ ಜೀವಕಣಗಳನ್ನು ಹೊಕ್ಕಿತು! ಇನ್ಸುಲಿನ್ ಬೆಂಕಿಯಲ್ಲ, ಬಾಗಿಲು ತೆರೆಯುವ ಕೈ. ಒಳಹೊಕ್ಕ ಸಕ್ಕರೆಯನ್ನು ಗ್ಲೈಕೋಜನ್ನಾಗಿ ಪೋಣಿಸುವ ಕಿಣ್ವವನ್ನೂ ಅದು ಚುರುಕುಗೊಳಿಸುವುದೆಂದು 1960ರಲ್ಲಿ ಲಾರ್ನರರ ಪ್ರಯೋಗಶಾಲೆಯು ಕಂಡುಕೊಂಡಿತು.

1990ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಪಂಡಿತರು ಮನುಷ್ಯರ ಸ್ನಾಯುವನ್ನೇ ಅಳೆದು ನೋಡಿದರು. ಒಂದು ಬಗೆಯ ಮಧುಮೇಹಿಗಳಲ್ಲಿ, ಇನ್ಸುಲಿನ್ ಧಾರಾಳವಾಗಿದ್ದರೂ, ಕಣಜ ತುಂಬುವ ವೇಗವು ಆರೋಗ್ಯವಂತರ ಅರ್ಧಕ್ಕಿಂತ ಕಡಮೆ. ಬಾಗಿಲಿಗೆ ಕರೆಯೇ ಕೇಳಿಸದಿದ್ದರೆ ಗತಿಯೇನು? ದುಡಿಯುವ ಸ್ನಾಯುವು ಆ ಕರೆಯಿಲ್ಲದೆಯೂ ಬಾಗಿಲನ್ನು ತಾನೇ ತೆರೆದುಕೊಳ್ಳಬಲ್ಲದು. ನಾವು ದಿನವೂ ನಡೆಯುವ ನಾಲ್ಕು ಹೆಜ್ಜೆ ವ್ಯರ್ಥವಲ್ಲ.